ಮಲಗಿದ್ದು ಜಾಸ್ತಿ, ನಿದ್ದೆ ಕಮ್ಮಿ

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಕಾಲೇಜುಗಳು ಮುಚ್ಚಿದಾಗ ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಹಾಸ್ಟೆಲ್ ಖಾಲಿ ಮಾಡಿಕೊಂಡು ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದೆ. ಆ ವರ್ಷದ ಮಾತು ಬಂದರೆ ಎಲ್ಲರೂ ಹೇಳುವುದು ನೆಟ್‌ವರ್ಕ್ ಕಷ್ಟ, ಪರೀಕ್ಷೆಯ ಗೊಂದಲ. ನನಗೆ ಮೊದಲು ನೆನಪಾಗುವುದು ಕೆಟ್ಟ ನಿದ್ದೆ.

"ಮನೆಯಲ್ಲೇ ಇದ್ದೀರಲ್ಲ, ಬೇಕಾದಷ್ಟು ಮಲಗಬಹುದು" ಅಂತ ನೆಂಟರೆಲ್ಲ ಹೇಳುತ್ತಿದ್ದರು. ಗಂಟೆಯ ಲೆಕ್ಕದಲ್ಲಿ ಅದು ನಿಜವೇ. ಅಮೆರಿಕದ ಕೊಲೊರಾಡೊದಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಅದೇ ವರ್ಷ ಅಧ್ಯಯನ ಮಾಡಿದ್ದರು. ಮನೆಯಿಂದ ಓದಲು ಶುರು ಮಾಡಿದ ಮೇಲೆ ವಾರದ ದಿನಗಳಲ್ಲಿ ಅವರ ನಿದ್ದೆ ಸುಮಾರು ಅರ್ಧ ಗಂಟೆ ಜಾಸ್ತಿಯಾಗಿತ್ತು, ಮಲಗುವ ಹೊತ್ತು ಮಾತ್ರ ಮುಂದಕ್ಕೆ ಹೋಗಿತ್ತು. ಇಟಲಿಯಲ್ಲಿ ಲಾಕ್‌ಡೌನ್ ಹೊತ್ತಿಗೆ ಯುವಜನರನ್ನು ಕೇಳಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಹಾಸಿಗೆಯಲ್ಲಿ ಕಳೆಯುವ ಸಮಯ ಹೆಚ್ಚಿತ್ತು, ನಿದ್ದೆಯ ಗುಣಮಟ್ಟ ಕುಸಿದಿತ್ತು. ನನ್ನ ಕಥೆಯೂ ಇದೇ.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಉಪ್ಪರಿಗೆಯ ಕಿಟಕಿ ಹತ್ತಿರ ಮಾತ್ರ. ಹಾಸಿಗೆಯನ್ನೂ ಅಲ್ಲೇ ಹಾಕಿಕೊಂಡೆ. ಬೆಳಿಗ್ಗೆ 9ಕ್ಕೆ ಕ್ಲಾಸು. 8.50ಕ್ಕೆ ಏಳುವುದು, ಕಂಬಳಿ ಹೊದ್ದುಕೊಂಡೇ ಲಿಂಕ್ ಒತ್ತುವುದು. ಕ್ಯಾಮೆರಾ ಯಾರೂ ಆನ್ ಮಾಡುತ್ತಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಮತ್ತೆ ಅಲ್ಲೇ ಒರಗುವುದು, ಒಂದೆರಡು ಗಂಟೆ ನಿದ್ದೆ. ಮಳೆಗಾಲ ಬಂದ ಮೇಲಂತೂ ಹೆಂಚಿನ ಕೆಳಗೆ ಹಗಲಲ್ಲೂ ಕತ್ತಲೆ.

ರಾತ್ರಿಯದು ಬೇರೆಯೇ ಕಥೆ. ನನ್ನದು ದಿನಕ್ಕೆ 1.5 ಜಿಬಿಯ ಪ್ಯಾಕ್. ಎರಡು ವಿಡಿಯೊ ಕ್ಲಾಸಿಗೆ ಅದರಲ್ಲಿ ಮುಕ್ಕಾಲು ಪಾಲು ಹೋಗುತ್ತಿತ್ತು. ರಾತ್ರಿ 12ಕ್ಕೆ ಹೊಸ ಡೇಟಾ ಬರುತ್ತದೆ, ಆಗ ಸ್ಪೀಡೂ ಚೆನ್ನಾಗಿರುತ್ತದೆ. ಹಾಗಾಗಿ ತಪ್ಪಿಹೋದ ಪಾಠದ ರೆಕಾರ್ಡಿಂಗ್ ಇಳಿಸಿಕೊಳ್ಳಲು ಕಾಯುವುದು. ಗೆಳತಿಯರೂ ಎದ್ದೇ ಇರುತ್ತಿದ್ದರು, ಗ್ರೂಪಿನಲ್ಲಿ ಮಾತು ಶುರುವಾಗುತ್ತಿದ್ದುದೇ ಆಗ. ಅಸೈನ್‌ಮೆಂಟ್ ಸಲ್ಲಿಸುವ ಕೊನೆಯ ಗಡುವೂ ರಾತ್ರಿ 11.59. ಫೋನ್ ಕೆಳಗಿಡುವ ಹೊತ್ತಿಗೆ ಎರಡು ಗಂಟೆ, ಕಣ್ಣು ಮುಚ್ಚಿದರೂ ನಿದ್ದೆ ಇಲ್ಲ. ಬೆಳಗಿನ ಜಾವ ಅಮ್ಮ ಕೊಟ್ಟಿಗೆಗೆ ಹೋಗುವ ಬಾಗಿಲ ಸದ್ದು ಎಷ್ಟೋ ದಿನ ಎಚ್ಚರದಲ್ಲೇ ಕೇಳಿದ್ದೇನೆ.

ಆ ಹೊತ್ತಿಗೆ ಮನಃಶಾಸ್ತ್ರ ಓದುತ್ತಿದ್ದ ಗೆಳತಿಯೊಬ್ಬಳು ಒಂದು ಪ್ರಶ್ನಾವಳಿ ಕಳಿಸಿದಳು. 1989ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ತಯಾರಾದದ್ದು, ನಿದ್ದೆಯ ಗುಣಮಟ್ಟ ಅಳೆಯಲು ಈಗಲೂ ಅದನ್ನೇ ಬಳಸುತ್ತಾರೆ. ಒಟ್ಟು 21 ಅಂಕ, 5 ದಾಟಿದರೆ ನಿದ್ದೆ ಸರಿಯಿಲ್ಲ ಅಂತ. ನನ್ನದು ಧಾರಾಳವಾಗಿ ದಾಟಿತ್ತು. ನನ್ನನ್ನು ತಡೆದು ನಿಲ್ಲಿಸಿದ್ದು ಅಂಕವಲ್ಲ. ಎಷ್ಟು ಹೊತ್ತಿಗೆ ಮಲಗುತ್ತೀರಿ, ಎಷ್ಟಕ್ಕೆ ಏಳುತ್ತೀರಿ ಅಂತ ಕೇಳಿ, ಅದರ ಜೊತೆ ನಿಜವಾಗಿ ಎಷ್ಟು ಗಂಟೆ ನಿದ್ದೆ ಮಾಡಿದಿರಿ ಅಂತ ಬೇರೆಯಾಗಿ ಕೇಳುತ್ತಾರೆ. ಆ ಎರಡರ ನಡುವಿನ ಅಂತರ ಬರೆದು ನೋಡಿದಾಗಲೇ ನನಗೆ ಗಾಬರಿಯಾಗಿದ್ದು.

ಕಾರಣ ಫೋನ್ ಒಂದೇ ಅಂತ ಮನೆಯವರ ತೀರ್ಮಾನ. ಅದು ಅರ್ಧ ಸತ್ಯ ಅಷ್ಟೇ. ಯಾವಾಗ ನಿದ್ದೆ, ಯಾವಾಗ ಎಚ್ಚರ ಅಂತ ಹೇಳುವ ನಮ್ಮ ಮಿದುಳಿನ ಒಳಗಡಿಯಾರದ ಒಂದು ಸುತ್ತು ಹೆಚ್ಚಿನವರಲ್ಲಿ 24 ಗಂಟೆಗಿಂತ ಸ್ವಲ್ಪ ಜಾಸ್ತಿ. ಅದನ್ನು ದಿನಾ ಹಿಂದಕ್ಕೆಳೆದು ಸರಿ ಮಾಡುವುದು ಮುಖ್ಯವಾಗಿ ಬೆಳಗಿನ ಬೆಳಕು. ಮೋಡ ಕವಿದ ದಿನವೂ ಅಂಗಳದ ಬೆಳಕು ಸಾವಿರಾರು ಲಕ್ಸ್ (ಬೆಳಕಿನ ಪ್ರಮಾಣ ಅಳೆಯುವ ಮಾನ) ಇರುತ್ತದೆ. ಕೋಣೆಯ ದೀಪದ್ದು ಕೆಲವು ನೂರು ಇದ್ದರೆ ಹೆಚ್ಚು. ಮೈಸೂರಿನಲ್ಲಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಿದ್ದೆ, ಆಮೇಲೆ ಮೆಸ್ಸಿನ ತಿಂಡಿ, ಆಮೇಲೆ ನಡೆದೇ ಕ್ಲಾಸಿಗೆ. ನಿದ್ದೆಗೋಸ್ಕರ ಅಂತ ಏನೂ ಮಾಡುತ್ತಿರಲಿಲ್ಲ, ಆದರೂ ಆ ಬೆಳಕು ಸಿಗುತ್ತಿತ್ತು. ಉಪ್ಪರಿಗೆಯಲ್ಲಿ ಅದು ಸಿಗಲಿಲ್ಲ. ಇನ್ನು ಹಗಲೆಲ್ಲ ಎದ್ದು ಓಡಾಡಿದರೆ ತಾನೇ ರಾತ್ರಿಗೆ ನಿದ್ದೆಯ ಒತ್ತಡ, ಅಂದರೆ ನಿದ್ದೆ ಬೇಕು ಅನ್ನುವ ದೇಹದ ಸೆಳೆತ, ಕೂಡುವುದು? ಮಧ್ಯಾಹ್ನದ ನಿದ್ದೆ ಅದನ್ನೂ ತಿಂದುಹಾಕುತ್ತಿತ್ತು.

ಆಮೇಲೆ ಅಪ್ಪನಿಗೆ ಮಂಡಿನೋವು ಬಂತು. ಡೇರಿಗೆ ಹಾಲು ಕೊಟ್ಟು ಬರುವ ಕೆಲಸ ನನ್ನ ಪಾಲಿಗೆ ಬಿತ್ತು. ಬೆಳಿಗ್ಗೆ ಏಳರೊಳಗೆ ಕ್ಯಾನ್ ಹಿಡಿದು ತೋಟದ ದಾರಿಯಲ್ಲಿ ಇಳಿದು, ರಸ್ತೆ ಸೇರಿ, ಡೇರಿಯ ಮುಂದೆ ಸಾಲಿನಲ್ಲಿ ನಿಂತು, ಅಳತೆ ಬರೆಸಿ ವಾಪಸ್ ಬರಬೇಕು. ಮೊದಮೊದಲು ಕಣ್ಣು ಉರಿಯುತ್ತಿತ್ತು, ಸಿಟ್ಟು ಬರುತ್ತಿತ್ತು. ಕೆಲವು ವಾರದಲ್ಲಿ ರಾತ್ರಿ ಹನ್ನೊಂದಕ್ಕೆ ಆಕಳಿಕೆ ಬರತೊಡಗಿತು. ಎಲ್ಲ ಸರಿಹೋಯಿತು ಅಂತಲ್ಲ. ಊರಲ್ಲಿ ಯಾರಿಗಾದರೂ ಜ್ವರ ಅಂತ ಸುದ್ದಿ ಬಂದ ರಾತ್ರಿ ಮತ್ತೆ ಎಚ್ಚರವೇ. ಆ ಭಯಕ್ಕೆ ಯಾವ ಬೆಳಕೂ ಮದ್ದಲ್ಲ, ಅಲ್ವಾ?

ಈಗ ನಾನೂ ಪಾಠ ಮಾಡುತ್ತೇನೆ. ತರಗತಿಗಳು ಮತ್ತೆ ಕೋಣೆಯಲ್ಲೇ ನಡೆಯುತ್ತಿವೆ, ಆದರೆ ಆ್ಯಪ್‌ನಲ್ಲಿ ಅಸೈನ್‌ಮೆಂಟ್ ಹಾಕುವುದು ಮಾತ್ರ ಉಳಿದುಕೊಂಡಿದೆ. ಗಡುವು ಬದಲಿಸದಿದ್ದರೆ ಅದು ತಾನಾಗೇ ರಾತ್ರಿ 11.59 ಅಂತ ತೋರಿಸುತ್ತದೆ. ನಾನು ಪ್ರತಿ ಸಲ ಅದನ್ನು ಸಂಜೆ 6 ಮಾಡುತ್ತೇನೆ. ಮೇಷ್ಟ್ರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನೀವೂ ಬದಲಿಸಿ. ಅದಕ್ಕೆ ಅರ್ಧ ನಿಮಿಷವೂ ಬೇಡ.