ಅಲಗಿನ ಬೆನ್ನು ಒತ್ತಿ ನೋಡಿದ ಪೊಲೀಸ್

ಇಂಗ್ಲೆಂಡಿನ ಬೆಟ್ಟಗಳಲ್ಲಿ ನಡೆಯಲು ಹೊರಟಾಗ ನನ್ನ ಹತ್ತಿರ ಎರಡು ಮಡಚುವ ಚಾಕುಗಳಿದ್ದವು. ಒಂದು ಗಟ್ಟಿಮುಟ್ಟಾದದ್ದು. ತೆರೆದರೆ ಅಲಗು ಲಾಕ್ ಆಗಿ ನಿಲ್ಲುತ್ತದೆ, ಕೆಲಸದ ಮಧ್ಯೆ ಬೆರಳ ಮೇಲೆ ಮಡಚಿಕೊಳ್ಳುವ ಭಯವಿಲ್ಲ. ಇನ್ನೊಂದು ವಿಕ್ಟೋರಿನಾಕ್ಸ್ ಎಂಬ ಸ್ವಿಸ್ ಕಂಪನಿಯ ಪುಟ್ಟ ಕೆಂಪು ಚಾಕು. ಅದಕ್ಕೆ ಲಾಕ್ ಇಲ್ಲ. ಕೆಲಸಕ್ಕೆ ಮೊದಲನೆಯದೇ ಒಳ್ಳೆಯದು, ಆದರೂ ಎರಡನೆಯದನ್ನು ಒಯ್ದೆ.

ಕಾರಣ ಅಲ್ಲಿನ 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟ್. ಮಡಚುವ ಚಾಕುವಿನ ಹರಿತವಾದ ಅಂಚು 3 ಇಂಚು, ಅಂದರೆ 7.62 ಸೆಂ.ಮೀ. ಮೀರದಿದ್ದರೆ ಜೇಬಲ್ಲಿಟ್ಟುಕೊಂಡು ಓಡಾಡಬಹುದು. ಆದರೆ ಲಾಕ್ ಆಗುವ ಚಾಕು ಈ ವಿನಾಯಿತಿಯೊಳಗೆ ಬರುವುದಿಲ್ಲ ಎಂದು ಅಲ್ಲಿನ ಕೋರ್ಟುಗಳು ಹೇಳಿವೆ. ಅಲಗು ಎಷ್ಟೇ ಚಿಕ್ಕದಿರಲಿ, ಅದನ್ನು ಒಯ್ಯಲು ಸರಿಯಾದ ಕಾರಣ ಇರಬೇಕು. ಇಲ್ಲದಿದ್ದರೆ 4 ವರ್ಷದವರೆಗೂ ಜೈಲು. ಇದನ್ನು ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಬಳಸುವವನಿಗೆ ಜಾಸ್ತಿ ಸುರಕ್ಷಿತವಾದ ಚಾಕುವೇ ಕಾನೂನಿನ ಕಣ್ಣಿಗೆ ಜಾಸ್ತಿ ಅಪಾಯಕಾರಿ!

ಚಾಕು ಚೆಕ್-ಇನ್ ಬ್ಯಾಗಿನಲ್ಲಿ ಹೋಯಿತು. ಅದರಲ್ಲಿ ಹೇಳುವಂಥದ್ದೇನಿಲ್ಲ.

ಲಂಡನ್ನಿನ ಒಂದು ರೈಲು ನಿಲ್ದಾಣದಲ್ಲಿ ಪೊಲೀಸರು ಲೋಹ ಪತ್ತೆ ಮಾಡುವ ಕಮಾನು ನಿಲ್ಲಿಸಿದ್ದರು. ಅದರ ಮುಂದೆ ಹೋಗುವ ಮೊದಲೇ, ಬ್ಯಾಗಿನಲ್ಲಿ ಚಾಕು ಇದೆ ಎಂದು ನಾನೇ ಹೇಳಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಕಾನೂನು ಗೊತ್ತಿದ್ದರೂ ಪರದೇಶದಲ್ಲಿ ಪೊಲೀಸರ ಮುಂದೆ ನಿಂತಾಗ ಧೈರ್ಯ ಸ್ವಲ್ಪ ಕಡಿಮೆಯೇ, ಅಲ್ವಾ? ಆ ಅಧಿಕಾರಿ ಅಲಗನ್ನು ತೆರೆದರು. ಉದ್ದ ನೋಡಿದ್ದು ಆಮೇಲೆ. ಮೊದಲು ಹೆಬ್ಬೆರಳಿಂದ ಅಲಗಿನ ಬೆನ್ನನ್ನು ಮೆಲ್ಲಗೆ ಒತ್ತಿದರು. ಯಾವ ಗುಂಡಿಯನ್ನೂ ಅದುಮದೆ ಅದು ಮಡಚಿಕೊಂಡಿತು, ಅಂದರೆ ಲಾಕ್ ಇಲ್ಲ.

‘ಇದು ಯಾಕೆ ಬೇಕು?’ ಎಂದು ಕೇಳಿದರು. ಬೆಟ್ಟದಲ್ಲಿ ಹಣ್ಣು, ಬ್ರೆಡ್ ಕತ್ತರಿಸಲು ಅಂದೆ. ತಲೆಯಾಡಿಸಿ ಚಾಕು ವಾಪಸ್ ಕೊಟ್ಟರು.

ಈ ಪ್ರಶ್ನೆಗೆ ಕೊಡುವ ಉತ್ತರವೇ ಎಲ್ಲಕ್ಕಿಂತ ಮುಖ್ಯ ಎಂದು ನನಗನ್ನಿಸುತ್ತದೆ. ಒಂಟಿಯಾಗಿ ಹೋಗುತ್ತೀಯ, ರಕ್ಷಣೆಗೆ ಒಂದು ಚಾಕು ಇರಲಿ ಎಂದು ಹೇಳುವವರು ಎಲ್ಲ ಕಡೆ ಇದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅಂದು ನಾನು ‘ರಕ್ಷಣೆಗೆ’ ಅಂದಿದ್ದರೆ ಆ ಪುಟ್ಟ ಚಾಕುವೇ ಆಯುಧವಾಗಿಬಿಡುತ್ತಿತ್ತು. ಅಲ್ಲಿ 1953ರ ಇನ್ನೊಂದು ಕಾಯ್ದೆ ಇದೆ. ಯಾರಿಗಾದರೂ ಗಾಯ ಮಾಡುವ ಉದ್ದೇಶದಿಂದ ಇಟ್ಟುಕೊಂಡ ವಸ್ತು, ಅದು ಯಾವುದೇ ಇರಲಿ, ಆಯುಧವೇ. ಆಗ 3 ಇಂಚಿನ ಲೆಕ್ಕ ಕಾಪಾಡುವುದಿಲ್ಲ. ದಯವಿಟ್ಟು ಆ ಯೋಚನೆಯಿಂದ ಚಾಕು ಒಯ್ಯಬೇಡಿ.

ಅದೇ ದಿನ ಮಧ್ಯಾಹ್ನ ಒಂದು ಮ್ಯೂಸಿಯಂ ಬಾಗಿಲಲ್ಲಿ ಅದೇ ಚಾಕುವನ್ನು ಒಳಗೆ ಬಿಡಲಿಲ್ಲ. ವಾದ ಮಾಡುವ ಹಾಗಿರಲಿಲ್ಲ. ಬೀದಿಯಲ್ಲಿ ಕಾನೂನು ಒಪ್ಪಿದ್ದನ್ನೆಲ್ಲ ಕಟ್ಟಡದವರೂ ಒಪ್ಪಬೇಕೆಂದಿಲ್ಲ. ಬ್ಯಾಗನ್ನು ನಿಲ್ದಾಣದ ಲಗೇಜ್ ಕೌಂಟರಿನಲ್ಲಿಟ್ಟು ಬಂದೆ.

ಮುಂದೆ ಬೇರೆ ದೇಶಗಳ ನಿಯಮ ಓದುತ್ತಾ ಹೋದಂತೆ, ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ನಡೆಯುವುದಿಲ್ಲ ಎಂದು ಗೊತ್ತಾಯಿತು. ಜರ್ಮನಿಯಲ್ಲಿ ಒಂದೇ ಕೈಯಿಂದ ತೆರೆದು ಲಾಕ್ ಆಗುವ ಚಾಕುವನ್ನು ಸಕಾರಣವಿಲ್ಲದೆ ಒಯ್ಯುವಂತಿಲ್ಲ. 2024ರ ಅಕ್ಟೋಬರಿನಲ್ಲಿ ಅಲ್ಲಿನ ಕಾನೂನು ಇನ್ನಷ್ಟು ಬಿಗಿಯಾಯಿತು, ಹಾಗಾಗಿ ಹಳೆಯ ಪ್ರವಾಸಿಗರ ಮಾತನ್ನು ನಂಬಿ ಹೋಗುವುದು ಬೇಡ. ಜಪಾನಿನಲ್ಲಿ 6 ಸೆಂ.ಮೀ. ದಾಟಿದ ಅಲಗಿಗೆ ಕಟ್ಟುನಿಟ್ಟು ಹೆಚ್ಚು. ಅದಕ್ಕಿಂತ ಚಿಕ್ಕದಾದರೂ, ಕಾರಣವಿಲ್ಲದೆ ಬಚ್ಚಿಟ್ಟುಕೊಂಡು ಓಡಾಡಿದರೆ ಸಣ್ಣ ಅಪರಾಧಗಳ ಕಾನೂನಿನಡಿ ಹಿಡಿಯಬಹುದು. ‘ಯಾವಾಗಲೂ ಜೇಬಲ್ಲಿರುತ್ತೆ, ಸುಮ್ನೆ ಇಟ್ಕೊಂಡಿದ್ದೀನಿ’ ಅನ್ನುವುದು ಅಲ್ಲಿ ಕಾರಣವೇ ಅಲ್ಲ. ಟೋಕಿಯೋದಲ್ಲಿ ನಗರ ಸುತ್ತುವುದಷ್ಟೇ ನನ್ನ ಯೋಜನೆಯಾಗಿತ್ತು. ಕತ್ತರಿಸುವ ಕೆಲಸವೇ ಇಲ್ಲದ ಆ ಪ್ರವಾಸಕ್ಕೆ ಚಾಕು ಒಯ್ಯಲೇ ಇಲ್ಲ.