ಗೋಧಿ ಬಿಯರ್, 500 ಲೀಟರ್: ಲಾಟರ್ ಟನ್ ಕಟ್ಟಿಕೊಳ್ಳದಂತೆ ಮಾಡಿದ ಬದಲಾವಣೆಗಳು

ಬೆಂಗಳೂರಿನ 500 ಲೀಟರ್ ಬ್ರೂಹೌಸ್ (ಬಿಯರ್ ತಯಾರಿಸುವ ಘಟಕ). ಕಾಳು 100 ಕೆ.ಜಿ: ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) 55, ಪಿಲ್ಸ್ನರ್ ಬಾರ್ಲಿ ಮಾಲ್ಟ್ 45. ಗುರಿ 12 ಪ್ಲೇಟೋ, ಅಂದರೆ ಸೋಸಿದ ರಸದಲ್ಲಿ ಸುಮಾರು 12% ಸಕ್ಕರೆ. ಹಿಂದಿನ ಬ್ಯಾಚಿನಲ್ಲಿ ಲಾಟರ್ ಟನ್ನಿನಿಂದ (ಕಾಳಿನಿಂದ ರಸ ಸೋಸುವ ಪಾತ್ರೆ) ಅರ್ಧ ವರ್ಟ್ (ಕಾಳಿನ ಸಿಹಿ ರಸ) ಇಳಿಯುವಷ್ಟರಲ್ಲಿ ಹರಿವು ನಿಂತಿತ್ತು. ಹಾಗಾಗಿ ಈ ಸಲದ ಬದಲಾವಣೆಗಳೆಲ್ಲ ಸೋಸುವ ಹಂತದ ಸುತ್ತಲೇ.

ಗೋಧಿಗೆ ಸಿಪ್ಪೆ ಇಲ್ಲ. ಸೋಸುವ ಕೆಲಸವೆಲ್ಲ ಬಾರ್ಲಿಯ ಸಿಪ್ಪೆಯದ್ದು, ಅದು ಗಿರಣಿಯಲ್ಲಿ ಚೂರಾದರೆ ಮುಂದೆ ಏನು ಮಾಡಿದರೂ ಕಷ್ಟವೇ. ಎರಡನ್ನೂ ಬೆರೆಸಿ ಒಡೆಯುವುದನ್ನು ಬಿಟ್ಟೆವು. ಈಗ ಬಾರ್ಲಿಗೆ ರೋಲರ್ ಸಂದು 1.3 ಮಿ.ಮೀ, ಗೋಧಿಗೆ 1.0. ಒಡೆಯುವ ಹತ್ತು ನಿಮಿಷ ಮೊದಲು ಬಾರ್ಲಿಗೆ ಸುಮಾರು 700 ಮಿ.ಲೀ ನೀರು ಚಿಮುಕಿಸಿ ಕಲಸಿದರೆ ಸಿಪ್ಪೆ ಮೆತ್ತಗಾಗಿ ಇಡಿಯಾಗಿ ಉಳಿಯುತ್ತದೆ. ನೀರು ಹೆಚ್ಚಾದರೆ ರೋಲರ್‌ಗೆ ಹಿಟ್ಟು ಅಂಟುತ್ತದೆ. ಜೊತೆಗೆ ಭತ್ತದ ಹೊಟ್ಟು 4 ಕೆ.ಜಿ, ಬಿಸಿನೀರಿನಲ್ಲಿ ತೊಳೆದು ದೂಳು ತೆಗೆದದ್ದು.

ಮ್ಯಾಶ್‌ಗೆ (ಒಡೆದ ಕಾಳನ್ನು ಬಿಸಿನೀರಿನಲ್ಲಿ ನೆನೆಸುವುದು) 300 ಲೀಟರ್ ನೀರು 48 ಡಿಗ್ರಿಯಲ್ಲಿ. ಕಾಳು ಬಿದ್ದ ಮೇಲೆ 45ಕ್ಕೆ ನಿಲ್ಲುತ್ತದೆ. ಅಲ್ಲಿ 15 ನಿಮಿಷ. ಲವಂಗದ ಪರಿಮಳಕ್ಕೆ ಬೇಕಾದ ಫೆರುಲಿಕ್ ಆಮ್ಲ ಬಿಡುಗಡೆಯಾಗುವುದು ಈ ಹಂತದಲ್ಲೇ. ಆಮೇಲೆ 64ರಲ್ಲಿ 40 ನಿಮಿಷ, 72ರಲ್ಲಿ 15, ಕೊನೆಗೆ 77. ಈ ಕೊನೆಯ ಬಿಸಿ ತಪ್ಪಿಸಬಾರದು, ತಣ್ಣನೆಯ ವರ್ಟ್ ಮಂದ.

ಲಾಟರ್ ಟನ್‌ಗೆ ಮ್ಯಾಶ್ ಬಿಡುವ ಮೊದಲು ಫಾಲ್ಸ್ ಬಾಟಮ್ (ತಳದ ಮೇಲಿನ ಜಾಲರಿ) ಮುಳುಗುವಷ್ಟು 77 ಡಿಗ್ರಿಯ ನೀರು. ಇಲ್ಲದಿದ್ದರೆ ಜಾಲರಿಯ ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹತ್ತು ನಿಮಿಷ ಕೂರಲು ಬಿಟ್ಟು, ವರ್ಟ್ ತಿಳಿಯಾಗುವವರೆಗೆ ಮೇಲಿಂದಲೇ ಮರಳಿ ಸುರಿಯುವುದು. ನಂತರ ನಿಮಿಷಕ್ಕೆ 5 ಲೀಟರ್, ಕೊನೆಕೊನೆಗೆ 6. ಹಿಂದೆ ಪಂಪನ್ನು ಮೊದಲಿಗೇ ಜೋರಾಗಿ ಬಿಟ್ಟದ್ದರಿಂದ ಕಾಳಿನ ಹಾಸು ಒತ್ತಿಕೊಂಡು ಗಟ್ಟಿಯಾಗಿತ್ತು. ಈಗ ಹಾಸಿನ ಕೆಳಗಿನ ವರ್ಟಿನ ಮಟ್ಟ ತೋರುವ ಸೈಟ್ ಗ್ಲಾಸ್‌ನಲ್ಲಿ ಮಟ್ಟ ಟನ್ನಿನ ಮಟ್ಟಕ್ಕಿಂತ 20 ಸೆಂ.ಮೀ ಕೆಳಗಿಳಿದರೆ ಪಂಪ್ ನಿಲ್ಲಿಸಿ, ಕೆಳಗಿನಿಂದ 20 ಲೀಟರ್ ಬಿಸಿನೀರು ನಿಧಾನವಾಗಿ ಏರಿಸುತ್ತೇವೆ. ಹಾಸು ತೇಲಿ ಸಡಿಲವಾಗುತ್ತದೆ. ಸಲಿಕೆ ಹಾಕಿ ಕೆದಕುವುದು ಕೊನೆಯ ಉಪಾಯ, ಆಮೇಲೆ ಮತ್ತೆ ತಿಳಿಯಾಗುವವರೆಗೆ ಸುತ್ತಿಸಬೇಕು. ಈ ಸಲ ಕುದಿಸುವ ಕೆಟಲ್‌ಗೆ 600 ಲೀಟರ್ ಸೇರಲು 110 ನಿಮಿಷ. ಕೆಳಗಿನ ನೀರು ಒಮ್ಮೆ ಮಾತ್ರ ಬೇಕಾಯಿತು. ಇಳಿಯುವ ವರ್ಟ್ 2.5 ಪ್ಲೇಟೋಗೆ ಬಂದಾಗ ಸ್ಪಾರ್ಜ್ (ಹಾಸಿನ ಮೇಲೆ ಬಿಸಿನೀರು ಸುರಿದು ತೊಳೆಯುವುದು) ಬಂದ್, ಮುಂದುವರಿದರೆ ಸಿಪ್ಪೆಯ ಒಗರು ಬರುತ್ತದೆ.

ಬೆಂಗಳೂರಿನ ಎತ್ತರದಲ್ಲಿ ಕುದಿಬಿಂದು ಸುಮಾರು 97 ಡಿಗ್ರಿ. ಪಿಲ್ಸ್ನರ್ ಮಾಲ್ಟಿನ ಬೆಂದ ಮೆಕ್ಕೆಜೋಳದ ವಾಸನೆ ಹೋಗಲು 60 ನಿಮಿಷ ಸಾಲದು. 90 ನಿಮಿಷ, ಮುಚ್ಚಳ ತೆರೆದೇ. ಕಹಿಯೂ ವರ್ಟಿಗೆ ನಿಧಾನವಾಗಿ ಬಿಡುವುದರಿಂದ ಹಾಪ್ಸ್ (ಕಹಿ ಕೊಡುವ ಹೂ) ಕೊಂಚ ಹೆಚ್ಚು. ಪ್ಲೇಟ್ ಚಿಲ್ಲರ್‌ನಲ್ಲಿ ನಲ್ಲಿನೀರು ವರ್ಟನ್ನು 30ರ ಆಸುಪಾಸಿಗೆ ತರುತ್ತದೆ, ಅಲ್ಲಿಂದ 19ಕ್ಕೆ ಗ್ಲೈಕಾಲ್ (ತಣ್ಣಗೆ ಮಾಡಿದ ಶೀತಕ ದ್ರವ) ಬೇಕೇ ಬೇಕು.

ಖಾಲಿಯಾದ ಹುದುಗಿಸುವ ಟ್ಯಾಂಕ್, ಅಂದರೆ ಫರ್ಮೆಂಟರ್‌ಗೆ ತೊಳೆಯುವ ಕಾಸ್ಟಿಕ್ (ತೀಕ್ಷ್ಣ ಕ್ಷಾರ) ಬಿಡುವ ಮೊದಲು ಒಳಗಿನ ಇಂಗಾಲದ ಡೈಆಕ್ಸೈಡನ್ನು ಪೂರ್ತಿ ಹೊರಹಾಕಿ, ವೆಂಟ್ ತೆರೆದಿಡಿ. ಕಾಸ್ಟಿಕ್ ಆ ಅನಿಲವನ್ನು ಹೀರಿದರೆ ಒಳಗೆ ನಿರ್ವಾತವಾಗಿ ಟ್ಯಾಂಕ್ ಮುದುಡಿಬಿಡುತ್ತದೆ. ಬಿಸಿ ಕಾಸ್ಟಿಕ್ ಆದ ಕೂಡಲೇ ತಣ್ಣೀರು ಬಿಟ್ಟರೂ ಅಷ್ಟೇ.

ಮುಂದಿನ ಬ್ಯಾಚಿಗೆ ಗೋಧಿ 60 ಕೆ.ಜಿ, ಹೊಟ್ಟು 5 ಕೆ.ಜಿ, ಉಳಿದದ್ದೆಲ್ಲ ಹೀಗೆಯೇ.