ಹಿಂದೆ 56, ಮುಂದೆ 46: ಸೈಕಲ್ ಟೈರಿನ ಗಾಳಿ ಲೆಕ್ಕ, ಇಲ್ಲಿಯವರೆಗೆ

ಫೆಬ್ರವರಿ

ಟೈರಿನ ಪಕ್ಕದ ಬರಹವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಓದಿಕೊಂಡೆ. 35-622. ಅಂದರೆ ಅಗಲ 35 ಮಿ.ಮೀ., ರಿಮ್ಮಿನಲ್ಲಿ ಟೈರು ಕೂರುವ ಜಾಗದ ವ್ಯಾಸ 622 ಮಿ.ಮೀ. ಅದರ ಕೆಳಗೆ ಸಣ್ಣಕ್ಷರದಲ್ಲಿ ಕನಿಷ್ಠ 45, ಗರಿಷ್ಠ 75 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಎಷ್ಟೋ ಜನ ಆ 75 ನೋಡಿ ಅಷ್ಟಕ್ಕೇ ಪಂಪ್ ಹೊಡೆಯುತ್ತಾರೆ. ಅದು ದಾಟಬಾರದ ಗೆರೆ, ಅಷ್ಟೇ. 55 ಕೆಜಿಯವರಿಗೂ 95 ಕೆಜಿಯವರಿಗೂ ಟೈರಿನ ಮೇಲೆ ಒಂದೇ ಅಚ್ಚು. ಇಬ್ಬರಿಗೂ ಒಂದೇ ಗಾಳಿ ಸರಿಹೋಗುತ್ತದಾ?

ಮಾರ್ಚ್

ತೂಕದಿಂದಲೇ ಶುರು ಮಾಡಿದೆ. ಹಿಂದಿನ ಚಕ್ರ ತೂಕದ ಮಿಷನ್ ಮೇಲೆ, ಮುಂದಿನದು ಅಷ್ಟೇ ಎತ್ತರದ ಹಲಗೆ ಮೇಲೆ. ಗೋಡೆಗೆ ಬೆರಳು ತಾಗಿಸಿಕೊಂಡು ಸೀಟಿನಲ್ಲಿ ಕೂತೆ. ಹಿಂದೆ 51 ಕೆಜಿ. ಅದಲು ಬದಲು ಮಾಡಿದಾಗ ಮುಂದೆ 38. ಇಷ್ಟು ವ್ಯತ್ಯಾಸ ಇರುವಾಗ ಎರಡೂ ಟೈರಿಗೆ ಒಂದೇ ಗಾಳಿ ಯಾಕೆ, ಅಲ್ವಾ?

ಅಮೆರಿಕದಲ್ಲಿ ಸೈಕಲ್ ತಂತ್ರಜ್ಞಾನದ ಬಗ್ಗೆ ಬರೆಯುತ್ತಿದ್ದ ಫ್ರಾಂಕ್ ಬರ್ಟೊ ಅವರ ಲೆಕ್ಕ ಒಂದಿದೆ. ಸವಾರ ಕೂತಾಗ ಟೈರು ತನ್ನ ಎತ್ತರದಲ್ಲಿ ಸುಮಾರು 15% ತಗ್ಗಬೇಕು. ನನ್ನ ಟೈರಿಗೆ ಅದು 5 ಮಿ.ಮೀ. ಚಿಲ್ಲರೆ. ನಾನು ಕೂತೆ, ತಮ್ಮ ಸ್ಟೀಲ್ ಸ್ಕೇಲ್ ಹಿಡಿದು ನೆಲದ ಮೇಲೆ ಮಲಗಿದ. ನೆಲದಿಂದ ರಿಮ್ಮಿನ ಅಂಚಿಗೆ ಎಷ್ಟು ಅಂತ ಕೂರುವ ಮುಂಚೆ ಒಮ್ಮೆ, ಕೂತ ಮೇಲೆ ಒಮ್ಮೆ. ಗಾಳಿ 75 ಇದ್ದಾಗ ಇಳಿತ ನಾಲ್ಕು ಮಿ.ಮೀ.ಯನ್ನೂ ಮುಟ್ಟಲಿಲ್ಲ. ಸ್ವಲ್ಪ ಸ್ವಲ್ಪವೇ ಬಿಡುತ್ತಾ ಬಂದು 56ಕ್ಕೆ ಐದು ದಾಟಿತು. ಮುಂದಿನದು 46ರಲ್ಲಿ ನಿಂತಿತು. ಕನಿಷ್ಠಕ್ಕಿಂತ ಒಂದೇ ಒಂದು ಜಾಸ್ತಿ, ಆದರೂ ಗೆರೆಯ ಒಳಗೇ ಇದೆ.

ಓಡಿಸಿದಾಗ ಆದ ಬದಲಾವಣೆ ಮೊದಲು ಗೊತ್ತಾಗಿದ್ದು ಅಂಗೈಗೆ. ಕಿತ್ತುಹೋದ ಡಾಂಬರಿನ ಮೇಲೆ ಹ್ಯಾಂಡಲ್ ಜುಮ್ಮೆನ್ನುವುದು ನಿಂತಿತು. ಕಲ್ಲು ಕಿತ್ತ ರಸ್ತೆಯಲ್ಲಿ ಬಿಗಿ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನು ಮೇಲಕ್ಕೆ ಎಸೆಯುತ್ತದೆ, ತುಳಿದ ಶಕ್ತಿ ಅದರಲ್ಲೇ ವ್ಯರ್ಥ. ನುಣ್ಣಗಿನ ರಸ್ತೆಯಲ್ಲಾದರೆ ಬಿಗಿ ಟೈರಿನಿಂದ ಸ್ವಲ್ಪ ಲಾಭ ಇರಬಹುದು. ಅಂಥ ರಸ್ತೆ ನಮ್ಮ ಏರಿಯಾದಲ್ಲಿ ಸಿಕ್ಕರೆ ಹೇಳುತ್ತೇನೆ.

ಏಪ್ರಿಲ್

ಬಿಸಿಲಿನ ಲೆಕ್ಕ. ಬೆಳಗ್ಗೆ 22 ಡಿಗ್ರಿಯಲ್ಲಿ 56 ತುಂಬಿಸಿದ ಟೈರು ಮಧ್ಯಾಹ್ನ ಬಿಸಿಲಿಗೆ ನಿಂತು 50 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 62 ದಾಟುತ್ತದೆ. ಅದೇ 75 ತುಂಬಿಸಿದ್ದರೆ 83ರ ಆಸುಪಾಸು. ಮೇಲೆ ಜಾಗ ಬಿಟ್ಟಿರಬೇಕು ಅನ್ನುವುದು ಇದಕ್ಕೇ. ಘಾಟಿ ಇಳಿಯುವಾಗ ಒಂದೇ ಸಮನೆ ಬ್ರೇಕ್ ಹಿಡಿದರೂ ರಿಮ್ ಕಾಯುತ್ತದೆ, ಅದರ ಜೊತೆಗೆ ಟ್ಯೂಬೂ.

ಪೆಟ್ರೋಲ್ ಬಂಕಿನ ಗಾಳಿಗೆ ನಾನು ಹೋಗುವುದಿಲ್ಲ. ಲಾರಿ ಟೈರಿಗೆ ನೂರು ಪಿಎಸ್‌ಐ ತುಂಬಿಸುವ ಕಂಪ್ರೆಸರ್ ಅದು. ಸೈಕಲ್ ಟ್ಯೂಬಿನಲ್ಲಿ ಹಿಡಿಯುವುದೇ ಸ್ವಲ್ಪ ಗಾಳಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ದಾಟಿಬಿಡುತ್ತದೆ. ಟೈರಿನ ಅಂಚು ರಿಮ್ಮಿನಿಂದ ಎದ್ದುಬಂದರೆ ಟ್ಯೂಬ್ ಪಟಾರ್. ಬೇರೆ ದಾರಿಯೇ ಇಲ್ಲದಾಗ ಚೂರು ಚೂರೇ ಹಾಕಿಸಿ, ಮಧ್ಯೆ ಮಧ್ಯೆ ಗೇಜ್ ಹಿಡಿದು ನೋಡಬೇಕು.

ಜೂನ್

ಮಳೆ ಶುರುವಾಯಿತು. ಒದ್ದೆ ರಸ್ತೆಗೆ ಗಾಳಿ ಒಂಚೂರು ಕಮ್ಮಿ ಇರಲಿ ಅನ್ನುತ್ತಾರೆ, ಹಿಡಿತ ಚೆನ್ನಾಗಿರುತ್ತದೆ ಅಂತ. ಹಿಂದೆ 52ಕ್ಕೆ ಇಳಿಸಿದೆ. ಮುಂದೆ ಮುಟ್ಟಲಿಲ್ಲ. ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ. ಗಾಳಿ ತೀರಾ ಕಮ್ಮಿ ಇದ್ದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಮುಳ್ಳಿನ ಪಂಚರ್ ಆದರೆ ಒಂದೇ ತೂತು. ಪಂಚರ್ ಅಂಗಡಿಯವರು ಟ್ಯೂಬ್ ನೋಡಿದ ಕೂಡಲೇ ಹೇಳಿಬಿಡುತ್ತಾರೆ.

ಇನ್ನೊಂದು: ಪಂಪಿನ ಗೇಜಿಗೂ ಕೈಗೇಜಿಗೂ 4 ಪಿಎಸ್‌ಐ ವ್ಯತ್ಯಾಸ ಬರುತ್ತಿದೆ. ಯಾವುದು ಸರಿಯೋ ಏನೋ. ಇಲ್ಲಿ ಬರೆದಿರುವುದೆಲ್ಲ ಪಂಪಿನ ಗೇಜಿನದು, ಎರಡನ್ನೂ ಬೆರೆಸಿಲ್ಲ.

ಮುಂದಿನ ಕೆಲಸ

ಅಪ್ಪನ ಕಪ್ಪು ಸೈಕಲ್, 28×1½ ಟೈರು. ಅದರದ್ದು ಹಳೇ ಕಾಲದ ವಾಲ್ವ್, ಒಳಗೆ ಸಣ್ಣ ರಬ್ಬರ್ ನಳಿಕೆ. ಗಾಳಿ ಒಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹಾಗಾಗಿ ಗೇಜ್ ತೋರಿಸುವುದು ಪೈಪಿನ ಒತ್ತಡವನ್ನೇ, ಟೈರಿನದ್ದನ್ನಲ್ಲ. ಆದರೆ ಸ್ಕೇಲಿಗೆ ವಾಲ್ವ್ ಯಾವುದಾದರೇನು? ಕೂತಾಗ ಎಷ್ಟು ತಗ್ಗುತ್ತದೆ ಅಂತ ಅಳೆದರೆ ಆಯಿತು. ತಮ್ಮ ಮತ್ತೆ ನೆಲದ ಮೇಲೆ ಮಲಗಲು ಒಪ್ಪಬೇಕು, ಅಷ್ಟೇ.